ಪುಷ್ಪಳ ಹಿಂದೆ ಕೂತು ಹುಲಿಯೂರುದುರ್ಗಕ್ಕೆ

ಜನವರಿಯ ಎರಡನೇ ಭಾನುವಾರ ಬೆಳಗ್ಗೆ ಆರೂಕಾಲಿಗೆ ಪುಷ್ಪ ವಿಜಯನಗರದ ನಮ್ಮ ಮನೆಯ ಮುಂದೆ ಬೈಕು ತಂದು ನಿಲ್ಲಿಸಿದಳು. ಹಾರ್ನ್ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ; ಆ ಬೈಕಿನ ಸದ್ದು ನಮ್ಮ ಬೀದಿಗೆಲ್ಲ ಗೊತ್ತು. ನಾನು ಐದಕ್ಕೇ ಎದ್ದು, ಚೂಡಿದಾರದ ಮೇಲೆ ಗಂಡನ ದಪ್ಪ ಜಾಕೆಟ್ ಹಾಕಿಕೊಂಡು, ಹೆಲ್ಮೆಟ್ ಕೈಯಲ್ಲಿ ಹಿಡಿದು ಗೇಟಿನ ಒಳಗೆ ಕಾಯುತ್ತಿದ್ದೆ. ಎದುರು ಮನೆಯ ಮಹಡಿ ಕಾಣದಷ್ಟು ಮಂಜಿತ್ತು.

ನಾವು ಹೊರಟಿದ್ದು ಹುಲಿಯೂರುದುರ್ಗಕ್ಕೆ. ಮಾಗಡಿ ರಸ್ತೆ ಹಿಡಿದು ಮಾಗಡಿ ದಾಟಿ ಇನ್ನೂ ಮುಂದೆ ಹೋಗಬೇಕು. ನಮ್ಮ ಮನೆಯಿಂದ ಎಪ್ಪತ್ತೈದು ಕಿಲೋಮೀಟರ್ ಆಸುಪಾಸು. ಒಂದು ಬಂಡೆಬೆಟ್ಟ, ಅದರ ಮೇಲೆ ಹಳೆಯ ಕೋಟೆಯ ಗೋಡೆ, ಬುಡದಲ್ಲಿ ಬಸ್‌ಸ್ಟ್ಯಾಂಡು, ಕೆಲವು ಬೀದಿಗಳು. ಬೆಂಗಳೂರಿನಿಂದ ಹೋಗುವವರು ಬೆಟ್ಟ ಹತ್ತಲು ಹೋಗುತ್ತಾರೆ. ನಾವು ಹೋಗಿದ್ದು ಒಬ್ಬ ಹೆಂಗಸನ್ನು ಹುಡುಕಲು. ಅವಳ ಹೆಸರು ನಮಗೆ ಗೊತ್ತಿರಲಿಲ್ಲ.

ಪುಷ್ಪ ಮತ್ತು ನಾನು ಎಂಟನೇ ಕ್ಲಾಸಿನಿಂದ ಜೊತೆ. ಅವಳದು ಮಲ್ಲತ್ತಹಳ್ಳಿ. ಆಗ ಅಲ್ಲಿ ಕೆರೆ, ರಾಗಿ ಹೊಲ, ಹಸು ಕಟ್ಟಿದ ಮನೆಗಳು. ಅವಳ ತಂದೆ ಬೈಕಿನ ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿ ವಿಜಯನಗರದ ಮನೆಮನೆಗೆ ಹಾಲು ಹಾಕುತ್ತಿದ್ದರು. ಬರುವಾಗ ಮಗಳನ್ನು ನಮ್ಮ ಶಾಲೆಯ ಹತ್ತಿರ ಇಳಿಸುತ್ತಿದ್ದರು. ಅವರಿಗೆ ಸೊಂಟನೋವು ಬಂದ ವರ್ಷ ಪುಷ್ಪ ತಾನೇ ಬೈಕು ಕಲಿತು, ಹದಿನೆಂಟು ತುಂಬಿದ ವಾರವೇ ಲೈಸೆನ್ಸ್ ಮಾಡಿಸಿ, ಕ್ಯಾನುಗಳ ಸಮೇತ ನಮ್ಮ ಬೀದಿಗೆ ಬರತೊಡಗಿದಳು. ಆಮೇಲೆ ಮದುವೆಯಾಯಿತು. ಹನ್ನೊಂದು ವರ್ಷಕ್ಕೆ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ತವರಿಗೆ ಬಂದಳು. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ತಮ್ಮನ ಸಂಸಾರ ಕೆಳಗೆ, ಇವಳು ಮೇಲೆ. ಬಾಡಿಗೆಯವರ ನಲ್ಲಿ, ಮೋಟಾರು, ಪಾರ್ಕಿಂಗ್ ಜಗಳ ಎಲ್ಲ ಇವಳದೇ ಪಾಲು. ನಾನು ರಾಜಾಜಿನಗರದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಇಬ್ಬರಿಗೂ ನಲವತ್ತೊಂಬತ್ತು.

ಕಳೆದ ಮಾರ್ಚಿನ ಒಂದು ಭಾನುವಾರ ಪುಷ್ಪ ಒಬ್ಬಳೇ ಇದೇ ದಾರಿಯಲ್ಲಿ ಹೋಗಿ, ಹುಲಿಯೂರುದುರ್ಗ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ತಿರುವಿನಲ್ಲಿ ಮರಳಿನ ಮೇಲೆ ಜಾರಿ ಬಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಆಪರೇಷನ್, ಒಳಗೊಂದು ರಾಡು, ಮೂರು ತಿಂಗಳು ಹಾಸಿಗೆ, ಆಮೇಲೆ ವಾಕರ್, ಆಮೇಲೆ ಕೋಲು. ಡಿಸೆಂಬರಿನಲ್ಲಿ ಡಾಕ್ಟರು ಇನ್ನು ಗಾಡಿ ಓಡಿಸಬಹುದು ಎಂದರು. ಅವಳು ಮೂರು ವಾರ ಮಲ್ಲತ್ತಹಳ್ಳಿ ಕೆರೆಯ ಸುತ್ತ ಅಭ್ಯಾಸ ಮಾಡಿ, ಒಂದು ಸಂಜೆ ನನಗೆ ಹೇಳಿದಳು: ಬಿದ್ದಾಗ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳನ್ನು ಒಮ್ಮೆ ನೋಡಿ ಬರಬೇಕು, ನೀನೂ ಬಾ ಎಂದು.

ಅವಳಿಗೆ ಆ ದಿನದ್ದು ಹೆಚ್ಚೇನೂ ನೆನಪಿಲ್ಲ. ಹಸಿರು ಗಾಜಿನ ಬಳೆ ಹಾಕಿದ ಎರಡು ಕೈ. ಆ ಕೈಗೆ ಹುಣಸೆಹಣ್ಣಿನ ವಾಸನೆ. ಕಣ್ಣು ಮುಚ್ಚಬೇಡ, ನನ್ನನ್ನೇ ನೋಡು ಎಂದು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಧ್ವನಿ. ಕಾಲಿಗೆ ಸೀರೆಯ ಸೆರಗು ಹರಿದು ಕಟ್ಟಿದ್ದಳಂತೆ. ಅದನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ಎಸೆದರು. ಅದಕ್ಕೆಂದೇ ಪುಷ್ಪ ರಾಜಾಜಿನಗರದಲ್ಲಿ ಒಂದು ಸೀರೆ ಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೈಕಿನ ಪಕ್ಕದ ಚೀಲದಲ್ಲಿ ಇಟ್ಟುಕೊಂಡಿದ್ದಳು. ತಿಳಿ ಗುಲಾಬಿ ಬಣ್ಣ, ಬೂದು ಅಂಚು.

ಸುಮನಹಳ್ಳಿಯ ಹತ್ತಿರ ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿದೆವು. ಸುಂಕದಕಟ್ಟೆಯಲ್ಲಿ ಆ ಹೊತ್ತಿಗಾಗಲೇ ಹೂವಿನವರು, ಸೊಪ್ಪಿನವರು ಕೂತಿದ್ದರು. ಬ್ಯಾಡರಹಳ್ಳಿ ದಾಟಿದ ಮೇಲೆ ಅಂಗಡಿಗಳು ತೆಳುವಾದವು, ಚಳಿ ಹೆಚ್ಚಾಯಿತು. ನಾನು ಅವಳ ಬೆನ್ನಿಗೆ ಅಂಟಿಕೊಂಡು ಕೂತೆ. ಅವಳು ನಲವತ್ತರ ಮೇಲೆ ಹೋಗಲಿಲ್ಲ. ಪ್ರತಿ ಸಲ ಗೇರು ಬದಲಿಸುವಾಗಲೂ ಎಡಗಾಲನ್ನು ಒಂದು ಕ್ಷಣ ತಡೆದು, ಅದರ ಅನುಮತಿ ಕೇಳಿಕೊಂಡವಳಂತೆ ಎತ್ತುತ್ತಿದ್ದಳು. ಮೊದಲೆಲ್ಲ ಅವಳು ಓಡಿಸುವಾಗ ನಾನು ಹಿಂದಿನಿಂದ ಬೈಯುತ್ತಿದ್ದೆ, ನಿಧಾನ ಹೋಗೇ ಎಂದು. ಆ ದಿನ ಬೈಯಲು ಏನೂ ಇರಲಿಲ್ಲ.

ತಾವರೆಕೆರೆ ದಾಟಿ ಮಾಗಡಿ ಸೇರುವಾಗ ಎಂಟು ಗಂಟೆ. ಊರಿನೊಳಗೆ ರಸ್ತೆಯ ಎರಡೂ ಬದಿ ಅವರೆಕಾಯಿಯ ರಾಶಿ. ಮಂಜಿನಲ್ಲಿ ಒದ್ದೆಯಾದ ಕಾಯಿಯ ಸೊಗಡು ಹೆಲ್ಮೆಟ್ಟಿನೊಳಗೂ ಬಂತು. ಒಂದು ಸಣ್ಣ ಹೋಟೆಲಿನಲ್ಲಿ ಅವರೆಕಾಳು ಉಪ್ಪಿಟ್ಟು, ಒಂದೊಂದು ವಡೆ, ಕಾಫಿ. ನೂರ ನಲವತ್ತು ರೂಪಾಯಿ ಆಯಿತು. ಪುಷ್ಪ ಕಾಲು ಚಾಚಿ ಎದುರಿನ ಕುರ್ಚಿಯ ಮೇಲೆ ಇಟ್ಟುಕೊಂಡಳು. ಹೋಟೆಲಿನವರು ಒಮ್ಮೆ ಕಾಲು ನೋಡಿದರು, ಒಮ್ಮೆ ಹೊರಗಿನ ಬೈಕು ನೋಡಿದರು, ಇನ್ನೊಂದು ಚಮಚ ಚಟ್ನಿ ಹಾಕಿಹೋದರು.

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಆ ಹೋಟೆಲಿನಲ್ಲಿ ಕೂತು ಅದನ್ನು ಪುಷ್ಪಳಿಗೆ ಹೇಳಬೇಕೆಂದು ಬಾಯಿಯ ತನಕ ತಂದುಕೊಂಡಿದ್ದೆ. ಹೇಳಲಿಲ್ಲ.

ಅವಳು ಬಿದ್ದ ಭಾನುವಾರ ನಾನೂ ಅವಳ ಜೊತೆ ಹೋಗಬೇಕಿತ್ತು. ಅದಕ್ಕೆ ಹಿಂದಿನ ವಾರ ನಮ್ಮಿಬ್ಬರನ್ನು ಬೈಕಿನ ಮೇಲೆ ಬಸವೇಶ್ವರನಗರದಲ್ಲಿ ನನ್ನ ಭಾವ ನೋಡಿ, ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ತಮಾಷೆ ಮಾಡಿದರು. ಈ ವಯಸ್ಸಿನಲ್ಲಿ ಇವರಿಗೆ ಹುಡುಗಾಟ ಎಂದರು. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಆ ಸಿಟ್ಟನ್ನು ಭಾವನ ಮೇಲೆ ತೀರಿಸಿಕೊಳ್ಳಲಾಗದೆ ಪುಷ್ಪಳ ಮೇಲೆ ತೀರಿಸಿಕೊಂಡೆ. ಇನ್ನು ನಾನು ಬರುವುದಿಲ್ಲ, ನಿನಗಾದರೆ ಕೇಳೋರಿಲ್ಲ, ನನಗೆ ಮನೆ ಅಂತ ಒಂದಿದೆ ಎಂದು ಫೋನಿನಲ್ಲಿ ಹೇಳಿದೆ. ಅವಳು ಸರಿ ಎಂದು ಇಟ್ಟಳು. ಭಾನುವಾರ ಒಬ್ಬಳೇ ಹೋದಳು.

ಅಂದು ಹನ್ನೊಂದರ ಸುಮಾರಿಗೆ ನಾನು ಅಡಿಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಫೋನು ಪಕ್ಕದಲ್ಲೇ ಇತ್ತು. ಪುಷ್ಪ ಎಂದು ಬಂತು. ರಾಜಿಯಾಗಲು ಮಾಡುತ್ತಿದ್ದಾಳೆ, ಮಾಡಲಿ ಎಂದುಕೊಂಡು ಸುಮ್ಮನಿದ್ದೆ. ಮತ್ತೆ ಬಂತು. ಮೂರನೇ ಸಲ ಬಂದಾಗ ಫೋನನ್ನು ಬೋರಲು ಹಾಕಿ ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸಿದೆ. ಸಂಜೆ ಅವಳ ತಮ್ಮ ಮಂಜುನಾಥ ಆಸ್ಪತ್ರೆಯಿಂದ ಫೋನ್ ಮಾಡಿದ.

ಆಮೇಲೆ ನಾನು ಅವಳನ್ನು ನೋಡಿಕೊಂಡೆ. ಕಾಲೇಜಿಗೆ ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತೆ. ಮೂರು ತಿಂಗಳು ದಿನಾ ಸಂಜೆ ಸಾರು ಮಾಡಿಕೊಂಡು ಮಲ್ಲತ್ತಹಳ್ಳಿಗೆ ಹೋದೆ. ಸ್ನೇಹ ಎಂದರೆ ಇದು ಎಂದು ಅವಳ ತಮ್ಮನ ಹೆಂಡತಿ ಎಲ್ಲರ ಮುಂದೆ ಹೇಳುತ್ತಿದ್ದಳು. ಪುಷ್ಪಳ ಹಳೆಯ ಫೋನು ಆಮೇಲೆ ಕೆಟ್ಟು ಹೊಸದು ಬಂದಿತ್ತು. ಅವಳು ಆ ಕರೆಗಳ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದದ್ದು ನೆನಪಿಲ್ಲದೆಯೋ, ನೆನಪಿದ್ದೋ, ನನಗೆ ತಿಳಿಯುತ್ತಿರಲಿಲ್ಲ. ಹತ್ತು ತಿಂಗಳು ನಾನೂ ಹೇಳಲಿಲ್ಲ.

ಮಾಗಡಿಯಿಂದ ಮುಂದೆ ಬಿಸಿಲು ಬಂತು. ಬಂಡೆಗುಡ್ಡಗಳು, ನಡುನಡುವೆ ಕುರುಚಲು ಕಾಡು, ರಾಗಿ ಕೊಯ್ದ ಹೊಲಗಳಲ್ಲಿ ಮೆದೆಗಳು. ಹುಣಸೆ ಮರಗಳಂತೂ ಪ್ರತಿ ಅರ್ಧ ಮೈಲಿಗೆ ಇದ್ದವು. ಪುಷ್ಪ ಒಂದೊಂದು ತಿರುವಿನಲ್ಲೂ ನಿಧಾನ ಮಾಡಿ, ಇದಲ್ಲ, ಇದೂ ಅಲ್ಲ ಎನ್ನುತ್ತ ಹೋದಳು. ಕೊನೆಗೆ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ, ಮಾರ್ಚಿನಲ್ಲಿ ಒಬ್ಬ ಹೆಂಗಸು ಬೈಕಿನಿಂದ ಬಿದ್ದಿದ್ದು ಗೊತ್ತೇ ಎಂದು ವಿಚಾರಿಸಿದೆವು. ಅಂಗಡಿಯವನು ಇಲ್ಲಿ ವಾರಕ್ಕೊಬ್ಬರು ಬೀಳುತ್ತಾರೆ, ಯಾರನ್ನು ಅಂತ ನೆನಪಿಟ್ಟುಕೊಳ್ಳಲಿ ಎಂದ. ಹೆಂಗಸೇ ಓಡಿಸುತ್ತಿದ್ದಳು ಎಂದಾಗ ಅವನ ಮುಖ ಬದಲಾಯಿತು. ಅದು ಮುಂದೆ, ಮೋರಿ ತಿರುವಿನಲ್ಲಿ. ಕೇಳಿದ್ದೆ, ನೋಡಿಲ್ಲ ಎಂದ.

ಮೋರಿ ತಿರುವಿಗೆ ಮುನ್ನವೇ ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕರು ಸಿಕ್ಕರು. ಅವರು ಪುಷ್ಪಳನ್ನು ನೋಡಿದ ಕೂಡಲೇ ಕೋಲಿನಿಂದ ಬೈಕು ತೋರಿಸಿ, ಇದೇ ಗಾಡಿ ಎಂದರು. ಬಿದ್ದ ಬೈಕನ್ನು ಎತ್ತಿ ನಿಲ್ಲಿಸಿದವರಲ್ಲಿ ಅವರೂ ಒಬ್ಬರು. ಹುಣಸೆ ಕಾಲದಲ್ಲಿ ಅಲ್ಲೊಂದು ಶೆಡ್ಡಿನಲ್ಲಿ ಹೆಂಗಸರು ಕೂತು ಹಣ್ಣು ಬಿಡಿಸುತ್ತಾರೆ. ಮೊದಲು ಓಡಿಬಂದವಳು ಜಯಮ್ಮ. ಈಗ ಅವಳು ಹುಲಿಯೂರುದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಮೆಸ್ಸಿನಲ್ಲಿ ಅಡಿಗೆ ಮಾಡುತ್ತಾಳೆ. ಇಷ್ಟನ್ನೂ ಅವರು ಹೇಳಿದರು. ಪುಷ್ಪ ಆ ಹೆಸರನ್ನು ಎರಡು ಸಲ ಹೇಳಿಕೊಂಡಳು. ಅಂದು ಕೈ ಹಿಡಿದುಕೊಂಡಿದ್ದವರಿಗೆ ಹತ್ತು ತಿಂಗಳ ಮೇಲೆ ಒಂದು ಹೆಸರು ಬಂದಿತ್ತು.

ಮೋರಿ ತಿರುವನ್ನು ಅವಳು ನಿಲ್ಲದೆ ದಾಟಿದಳು. ನನ್ನ ಕೈ ಅವಳ ಹೊಟ್ಟೆಯ ಮೇಲಿತ್ತು. ಅವಳು ಉಸಿರು ಹಿಡಿದದ್ದು ಗೊತ್ತಾಯಿತು.

ಹುಲಿಯೂರುದುರ್ಗ ಸೇರಿದ್ದು ಹನ್ನೊಂದೂವರೆಗೆ. ಬೆಟ್ಟ ಊರಿನ ನೆತ್ತಿಯ ಮೇಲೇ ಕೂತಿದೆ; ಯಾವ ಬೀದಿಯಲ್ಲಿ ನಿಂತರೂ ಅದೇ ಕಾಣುತ್ತದೆ. ಮೆಸ್ ಹುಡುಕುವುದು ಕಷ್ಟವಾಗಲಿಲ್ಲ. ಆರು ಮೇಜು, ಗೋಡೆಗೆ ನೀಲಿ ಬಣ್ಣ, ಹಿಂದುಗಡೆ ಸೌದೆ ಒಲೆ. ಜಯಮ್ಮ ಇದ್ದಾರಾ ಎಂದರೆ, ಗಲ್ಲಾದಲ್ಲಿದ್ದವರು ಮುದ್ದೆ ತಿರುಗಿಸುತ್ತಿದ್ದಾರೆ, ಕೂತಿರಿ ಎಂದರು. ಇಪ್ಪತ್ತು ನಿಮಿಷ ಕೂತೆವು. ಪುಷ್ಪ ಸೀರೆಯ ಕವರನ್ನು ಮಡಿಲಲ್ಲಿಟ್ಟುಕೊಂಡು ಅದರ ಮೂಲೆ ಸರಿಮಾಡುತ್ತಲೇ ಇದ್ದಳು.

ಬಂದವರು ಐವತ್ತೈದರ ಹತ್ತಿರದ, ತೆಳ್ಳಗಿನ, ಚುರುಕು ನಡಿಗೆಯ ಹೆಂಗಸು. ಕೈಗೆ ಹಿಟ್ಟು ಮೆತ್ತಿತ್ತು. ಬಳೆ ಕೆಂಪು. ಪುಷ್ಪ ಸೀರೆಯ ಕವರು ಹಿಡಿದು ಎದ್ದು ನಿಂತಳು. ಜಯಮ್ಮ ಅವಳ ಮುಖ ನೋಡಲಿಲ್ಲ. ನೆಟ್ಟಗೆ ಕಾಲು ನೋಡಿದರು.

"ಕಾಲು ಬಂತಾ?" ಎಂದರು.

ಪುಷ್ಪ ತಲೆಯಾಡಿಸಿದಳು. ಜಯಮ್ಮ ಅವಳನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಆಮೇಲೆ ಹೊರಗೆ ಇಣುಕಿ, ಅದೇ ಗಾಡಿ ನಿಂತಿರುವುದನ್ನು ಕಂಡು, ಇನ್ನೂ ಬುದ್ಧಿ ಬಂದಿಲ್ಲವೇ ಎಂದು ಗದರಿದರು. ಸೀರೆಯನ್ನು ಬೇಡ ಎನ್ನಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಕವರಿನಿಂದ ತೆಗೆದು, ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಬಣ್ಣ ತೀರಾ ತಿಳಿಯಾಯಿತು, ಒಲೆ ಮುಂದೆ ಉಡುವಂಥದ್ದಲ್ಲ, ತಂಗಿಯ ಮಗಳ ಮದುವೆಗೆ ಉಡುತ್ತೇನೆ ಎಂದರು. ಅಂದು ಹರಿದದ್ದು ಹಳೆಯ ಸೀರೆಯಾಗಿತ್ತು, ಅದಕ್ಕೆ ಇದು ಜಾಸ್ತಿಯೇ ಆಯಿತು ಎಂದು ನಕ್ಕರು.

ನಮಗೆ ತಾವೇ ಬಡಿಸಿದರು. ಬಿಸಿ ಮುದ್ದೆ, ಅವರೆಕಾಳಿನ ಸಾರು, ಮೂಲಂಗಿ ಚೂರು. ಜನ ಕಡಿಮೆಯಿದ್ದುದರಿಂದ ಎದುರಿಗೇ ಕೂತರು. ಪುಷ್ಪ ಆ ದಿನದ್ದನ್ನೆಲ್ಲ ಕೇಳತೊಡಗಿದಳು, ಬೇರೆ ಯಾರದೋ ಕಥೆ ಕೇಳುವವಳಂತೆ. ನಾನು ಅತ್ತೆನೇ? ಇಲ್ಲ, ಅಳಲಿಲ್ಲ, ಬೈಯುತ್ತಿದ್ದೆ. ಯಾರನ್ನು? ಮರಳನ್ನು. ಆಂಬುಲೆನ್ಸ್ ಬರಲು ಎಷ್ಟು ಹೊತ್ತಾಯಿತು? ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ತೊಡೆ ಜೋಮು ಹಿಡಿದರೂ ಏಳಲಿಲ್ಲ ಎಂದು ಜಯಮ್ಮ ಸುಮ್ಮನೆ ಹೇಳಿದರು. ನಾನು ಕೇಳುತ್ತಾ ಮುದ್ದೆ ಮುರಿಯುತ್ತಿದ್ದೆ.

"ಒಂದೇ ಸಮ್ನೆ ವಸೂಗೆ ಫೋನ್ ಮಾಡು, ವಸೂಗೆ ಮಾಡು ಅಂತಿದ್ದೆ ಕಣವ್ವ," ಎಂದರು ಜಯಮ್ಮ. "ನಿನ್ನ ಫೋನ್‌ನಾಗೆ ನೀನೇ ಹೆಸ್ರು ತೋರ್ಸ್ದೆ. ಮೂರು ಸಲ ಮಾಡ್ದೆ. ಹೊಡ್ಕೊಳ್ತು, ಎತ್ನಿಲ್ಲ. ಆಮೇಲೆ ನಿನ್ ತಮ್ಮಂಗೆ ಮಾಡ್ದೆ. ಯಾರವ್ವ ಆ ವಸು, ಅಕ್ಕನಾ?"

ಪುಷ್ಪ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಅರ್ಥವಾಗದ ನೋಟ. ಅವಳಿಗೆ ಗೊತ್ತೇ ಇರಲಿಲ್ಲ ಎಂದು ಆಗ ನನಗೆ ತಿಳಿಯಿತು. ನಾನೇ ವಸಂತ, ವಸು ಎಂದರೆ ನಾನೇ ಎಂದು ಜಯಮ್ಮನಿಗೆ ಹೇಳಿದೆ. ಅವರು ಪೆಚ್ಚಾದರು. ಒಳ್ಳೆಯ ಮನಸ್ಸಿನವರು, ತಕ್ಷಣ ನನಗೊಂದು ದಾರಿಯನ್ನೂ ಮಾಡಿಕೊಟ್ಟರು. ಭಾನುವಾರ ಅಲ್ಲವೇ, ಸೌಂಡ್ ಆಫ್ ಆಗಿತ್ತೇನೋ, ನಮ್ಮ ಮನೆಯಲ್ಲೂ ಹಾಗೇ ಆಗುತ್ತದೆ ಎಂದರು.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪುಷ್ಪ ನಂಬುತ್ತಿದ್ದಳು. ಹೌದು ಎಂಬ ಮಾತು ನಾಲಿಗೆಯ ಮೇಲೇ ಇತ್ತು.

"ಸೌಂಡ್ ಇತ್ತು," ಎಂದೆ. "ಮೂರು ಸಲಾನೂ ನೋಡ್ದೆ ಪುಷ್ಪ. ಬೇಕಂತ್ಲೇ ಎತ್ಲಿಲ್ಲ."

ಪುಷ್ಪ ತಟ್ಟೆಯಲ್ಲಿದ್ದ ಮುದ್ದೆಯ ಕೊನೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದಳು. ಜಯಮ್ಮ ನಮ್ಮಿಬ್ಬರನ್ನೂ ನೋಡಿ, ಎದ್ದು, ಅನ್ನಕ್ಕೆ ಮಜ್ಜಿಗೆ ಹಾಕಲೇ ಎಂದು ಕೇಳಿದರು. ಹಾಕಿ ಎಂದಳು ಪುಷ್ಪ. ಪೂರ್ತಿ ಊಟ ಮಾಡಿದಳು. ಕೈ ತೊಳೆದು, ಜಯಮ್ಮನ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಅವರು ಬೇಡ ಬೇಡ ಎನ್ನುತ್ತಾ ಕಣ್ಣು ಒರೆಸಿಕೊಂಡರು. ಊಟಕ್ಕೆ ಕಾಸು ತೆಗೆದುಕೊಳ್ಳಲು ಗಲ್ಲಾದವರಿಗೆ ಬಿಡಲಿಲ್ಲ.

ಹೊರಗೆ ಬಂದ ಮೇಲೆ ಪುಷ್ಪ ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ಎರಡೂವರೆ ಸುಮಾರಿಗೆ ಬೆಂಗಳೂರು ಬಸ್ಸಿದೆ, ಬೇಕಾದರೆ ಹೋಗು ಎಂದು ನನ್ನ ಕಡೆ ನೋಡದೆ ಹೇಳಿದಳು. ಬೆಟ್ಟದ ಕಡೆ ನಡೆದುಹೋದಳು. ಅವಳ ಕಾಲಿಗೆ ಬೆಟ್ಟ ಹತ್ತಲಾಗುವುದಿಲ್ಲ. ಬುಡದ ತನಕ ಹೋಗಿರಬೇಕು. ನಾನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಬಿಸಿಲು ಚುರುಗುಟ್ಟುತ್ತಿತ್ತು, ಆದರೂ ಜಾಕೆಟ್ ತೆಗೆಯಬೇಕು ಎಂದು ತೋಚಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಯಾವ ಊರು ಎಂದರು, ಬೆಂಗಳೂರು ಎಂದೆ. ಒಂದು ಗಂಟೆಗೂ ಹೆಚ್ಚು ಕೂತಿದ್ದೆ. ಬಸ್ಸು ಬಂತು. ಕಂಡಕ್ಟರು ಮಾಗಡಿ, ತಾವರೆಕೆರೆ, ಬೆಂಗಳೂರು ಎಂದು ಕೂಗಿದ. ಅಜ್ಜಿ ಹತ್ತಿ, ಕಿಟಕಿಯಿಂದ ನನಗೆ ಬಾ ಎಂದು ಕೈ ಮಾಡಿದರು. ನಾನು ಎದ್ದು ನಿಂತೆ, ಎರಡು ಹೆಜ್ಜೆ ಇಟ್ಟೆ. ಬೈಯಲಿ, ಮಾತೇ ಬಿಡಲಿ, ಈ ಸಲ ನಾನಾಗಿ ಬಿಟ್ಟುಹೋಗುವುದಿಲ್ಲ ಎನ್ನಿಸಿತು. ಬಸ್ಸು ಹೋಯಿತು. ಮತ್ತೆ ಕೂತೆ.

ಪುಷ್ಪ ಬಂದು ಪಕ್ಕದಲ್ಲಿ ಕೂರುವಾಗ ಮೂರು ಗಂಟೆ. ಶೂ ತುಂಬ ಕೆಂಪು ಧೂಳು. ಎದುರಿನ ಬೇಕರಿಯ ಕಡೆ ಮುಖ ಮಾಡಿ ಅದನ್ನು ಕೊಡವಿದಳು.

"ಫೋನ್ ಎತ್ತದೇ ಇದ್ದಿದ್ದು ನನಗೆ ನೆನಪೇ ಇಲ್ಲ ಕಣೇ," ಎಂದಳು. "ಕೇಳೋರಿಲ್ಲ ಅಂದ್ಯಲ್ಲ, ಅದು ನೆನಪಿದೆ. ಹತ್ತು ತಿಂಗಳೂ ಅದೇ ನೆನಪಿತ್ತು."

ನಾನು ಆ ಮೂರು ಕರೆಗಳ ಗುಟ್ಟನ್ನೇ ಕಾಯುತ್ತಾ ಕೂತಿದ್ದೆ. ಆ ಮಾತನ್ನು ಮರೆತೇಬಿಟ್ಟಿದ್ದೆ. ಸಾರು ತೆಗೆದುಕೊಂಡು ಹೋದಾಗಲೆಲ್ಲ ಅವಳು ಆ ಮಾತನ್ನು ಒಳಗಿಟ್ಟುಕೊಂಡೇ ಉಂಡಿದ್ದಳು. ತಪ್ಪಾಯಿತು ಎಂದೆ. ಅವಳು ಕೇಳಿದಳು, ದಿನಾ ಸಾರು ತರುತ್ತಿದ್ದೆಯಲ್ಲ, ಅದು ನನಗಾಗಿಯೋ, ನಿನ್ನ ಮನಸ್ಸಿನ ಸಮಾಧಾನಕ್ಕೋ ಎಂದು. ಸುಳ್ಳು ಹೇಳುವ ಆಸೆ ಆಗಲೂ ಇತ್ತು. ಮೊದಮೊದಲು ಸಮಾಧಾನಕ್ಕೇ, ಎಂದೆ. ನಿನ್ನ ಮುಖ ನೋಡಲು ಭಯವಾಗುತ್ತಿತ್ತು, ತಟ್ಟೆ ಇಟ್ಟು ಓಡುತ್ತಿದ್ದೆ. ಆಮೇಲೆ ಯಾವಾಗಿನಿಂದಲೋ ಗೊತ್ತಿಲ್ಲ, ನಿನಗೆ ಏನು ಇಷ್ಟ ಎಂದು ಯೋಚಿಸಿಕೊಂಡು ಮಾಡುತ್ತಿದ್ದೆ.

"ಅದಕ್ಕೇ ಮೊದ್ಲು ಮೊದ್ಲು ಉಪ್ಪು ಜಾಸ್ತಿ ಆಗ್ತಿತ್ತು," ಎಂದಳು ಪುಷ್ಪ.

ನಾನು ಅತ್ತೆ. ಅವಳು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಾನು ಅತ್ತು ಮುಗಿಸುವ ತನಕ ಕೂತಿದ್ದು, ಎದ್ದು ಹೋಗಿ ಬೇಕರಿಯಿಂದ ಎರಡು ಟೀ ತಂದಳು. ಇನ್ನೂ ಸಿಟ್ಟಿದೆ, ಎಷ್ಟು ದಿನ ಇರುತ್ತೆ ಹೇಳಲಾರೆ ಎಂದಳು. ಇರಲಿ ಎಂದೆ.

ವಾಪಸು ಬರುವಾಗ ಅವಳು ಮೋರಿ ತಿರುವಿನಲ್ಲಿ ನಿಲ್ಲಿಸಿದಳು. ಒಂದು ಸಣ್ಣ ಮೋರಿ, ಪಕ್ಕದಲ್ಲಿ ದೊಡ್ಡ ಹುಣಸೆ ಮರ, ಅದರಾಚೆ ತಗಡಿನ ಶೆಡ್ಡು. ಬೀಗ ಹಾಕಿತ್ತು. ಅಂಥ ಕೆಟ್ಟ ತಿರುವೇನೂ ಅಲ್ಲ. ಮರದ ತುಂಬ ಕಾಯಿ ಜೋತಾಡುತ್ತಿದ್ದವು, ಇನ್ನೂ ಹಣ್ಣಾಗಿರಲಿಲ್ಲ. ಪುಷ್ಪ ರಸ್ತೆಯ ಅಂಚಿನಲ್ಲಿ ನಿಂತು, ಎಲ್ಲಿ ಬಿದ್ದಿರಬಹುದು, ಯಾವ ಕಡೆ ತಲೆ ಇದ್ದಿರಬಹುದು ಎಂದು ಲೆಕ್ಕ ಹಾಕಿದಳು. ಒಂದು ಲಾರಿ ಬಂತು. ನಾನು ಅವಳ ತೋಳು ಹಿಡಿದು ಒಳಗೆ ಎಳೆದುಕೊಂಡೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ತಾವರೆಕೆರೆಯ ತನಕ ಚೆನ್ನಾಗಿಯೇ ಬಂದೆವು. ಅಲ್ಲಿಂದಾಚೆ ಭಾನುವಾರ ಸಂಜೆಯ ಟ್ರಾಫಿಕ್ ಸಿಕ್ಕಿತು. ಊರಿಗೆ ಹೋಗಿದ್ದವರೆಲ್ಲ ವಾಪಸು ಬರುವ ಹೊತ್ತು. ಬ್ಯಾಡರಹಳ್ಳಿಯಿಂದ ಸುಂಕದಕಟ್ಟೆಗೆ ಮುಕ್ಕಾಲು ಗಂಟೆ ಹಿಡಿಯಿತು. ಮೊದಲ ಗೇರು, ಎರಡನೇ ಗೇರು, ಮತ್ತೆ ಮೊದಲನೆಯದು. ಪುಷ್ಪಳ ಬೆನ್ನು ಬಿಗಿಯಾಗುವುದು ನನಗೆ ಗೊತ್ತಾಗುತ್ತಿತ್ತು. ಶ್ರೀಗಂಧದ ಕಾವಲ್ ಕಡೆ ಒಳಗೆ ತಿರುಗಿಸಿದಳು. ಅಲ್ಲಿ ಒಂದು ಖಾಲಿ ಮೈದಾನದ ಪಕ್ಕ ಬೈಕು ನಿಲ್ಲಿಸಿ, ಇಳಿಯಲಾಗುತ್ತಿಲ್ಲ, ಕಾಲು ಹಿಡಿದುಕೊಂಡುಬಿಟ್ಟಿದೆ ಎಂದಳು.

ನಾನು ಸೊಂಟ ಹಿಡಿದು ಇಳಿಸಿ, ಕಲ್ಲಿನ ಮೇಲೆ ಕೂರಿಸಿದೆ. ಶೂ ಬಿಚ್ಚಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೀನಖಂಡ ಒತ್ತಿದೆ. ಹೊಲಿಗೆಯ ಗುರುತು ಬೆರಳಿಗೆ ಸಿಗುತ್ತಿತ್ತು. ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದವರು ಆಟ ಮುಗಿಸಿ ಸ್ಟಂಪು ಕಿತ್ತುಕೊಂಡು ಹೋದರು. ವಾಕಿಂಗ್ ಬಂದ ದಂಪತಿ ಏನಾಯಿತು ಆಂಟಿ, ಆಟೋ ಕರೆಯಲೇ ಎಂದು ಕೇಳಿದರು. ಬೇಡ, ಸರಿಹೋಗುತ್ತೆ ಎಂದಳು ಪುಷ್ಪ. ಅರ್ಧ ಗಂಟೆಯ ಮೇಲೆ ಪಾದ ಆಡಿಸಲು ಬಂತು.

"ನೀನು ಕಲೀಬೇಕು ವಸು," ಎಂದಳು. "ಇದು ಹಿಂಗೇ ಆಗ್ತಿರುತ್ತೆ. ಅರ್ಧ ದಾರಿ ನೀನು ಓಡಿಸ್ಬೇಕು."

ಈ ವಯಸ್ಸಿನಲ್ಲೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಯಾವಾಗ ಎಂದೆ. ಈಗಲೇ ಎಂದಳು, ಮೈದಾನ ಖಾಲಿ ಇದೆಯಲ್ಲ.

ಬೈಕಿನ ಭಾರ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಹಿಂದಿನ ಸೀಟಿನಲ್ಲೇ ಕೂತವಳಿಗೆ ಅದು ಇಷ್ಟು ತೂಕದ ವಸ್ತು ಎಂದು ಅನ್ನಿಸಿರಲೇ ಇಲ್ಲ. ಸ್ಟ್ಯಾಂಡ್ ತೆಗೆದ ಕೂಡಲೇ ಬಲಕ್ಕೆ ವಾಲಿತು. ಪುಷ್ಪ ಹ್ಯಾಂಡಲ್ ಹಿಡಿದಳು. ಎಡಗೈಯಲ್ಲಿ ಕ್ಲಚ್, ಬಲಗೈಯಲ್ಲಿ ಬ್ರೇಕು, ಕಾಲಲ್ಲಿ ಗೇರು ಎಂದು ಮೂರು ಸಲ ಹೇಳಿಸಿದಳು. ಸ್ಟಾರ್ಟ್ ಮಾಡಿಸಿದಳು. ಸದ್ದು ಎದೆಯೊಳಗೇ ಹೊಡೆಯಿತು. ಅವಳು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾಳೆ ಎಂದುಕೊಂಡಿದ್ದೆ. ಬೈಕು ಹಿಂದಕ್ಕೆ ಕುಸಿದಂತಾಯಿತು. ತಿರುಗಿ ನೋಡಿದರೆ ಕೋಲು ಬಿಟ್ಟು ಇನ್ನೂ ಎರಡು ತಿಂಗಳಾಗದ ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಹಾಕಿ, ನನ್ನ ಹಿಂದೆ ಹತ್ತಿ ಕೂರುತ್ತಿದ್ದಳು. ಅವಳ ತಂದೆ ಹೋದ ಮೇಲೆ ಅವಳು ಯಾರ ಹಿಂದೆಯೂ ಕೂತದ್ದನ್ನು ನಾನು ನೋಡಿರಲಿಲ್ಲ. ಬೀಳಿಸಿದರೆ ಏನು ಗತಿ, ಇಳಿ ಎಂದೆ. ಅವಳು ಇಳಿಯಲಿಲ್ಲ. ನನ್ನ ಎರಡೂ ಭುಜದ ಮೇಲೆ ಕೈ ಇಟ್ಟು, ಕ್ಲಚ್ ನಿಧಾನಕ್ಕೆ ಬಿಡು ಎಂದಳು.

ಬಿಟ್ಟೆ. ಬೈಕು ಮುಗ್ಗರಿಸಿ, ಆಮೇಲೆ ತಾನಾಗಿ ಮುಂದಕ್ಕೆ ಹೊರಟಿತು. ಮುಸ್ಸಂಜೆಯ ಬೆಳಕಿನಲ್ಲಿ ಹೆಡ್‌ಲೈಟು ಹುಲ್ಲಿನ ಮೇಲೆ ಅಲುಗಾಡುತ್ತಾ ಸಾಗಿತು. ಎದುರಿಗೆ ಅನ್ನಪೂರ್ಣೇಶ್ವರಿ ನಗರದ ಮನೆಗಳಲ್ಲಿ ದೀಪ ಹತ್ತಿಕೊಳ್ಳುತ್ತಿದ್ದವು. ಕಾಲೆತ್ತಿ ಇಡು ಎಂದಳು, ಇಟ್ಟೆ. ಭುಜದ ಮೇಲಿದ್ದ ಅವಳ ಕೈ ಹೆದರಿ ಬಿಗಿಯಾಗುತ್ತದೆ ಎಂದು ಕಾಯುತ್ತಿದ್ದೆ. ಆಗಲಿಲ್ಲ. ಮೈದಾನದ ಮಧ್ಯದ ತನಕ ಹೋಗಿ ಎಂಜಿನ್ ಜಗ್ಗಿ ನಿಂತಿತು. ನಾನು ಎರಡೂ ಕಾಲು ಊರಿ ಬೈಕನ್ನು ಬೀಳದಂತೆ ಹಿಡಿದೆ.

ಮನೆಗೆ ಹೋಗಿ ನೋಡಿಕೊಂಡಾಗ ಆ ದಿನ ನೂರ ಐವತ್ತಮೂರು ಕಿಲೋಮೀಟರ್ ಆಗಿತ್ತು. ನಾನು ಓಡಿಸಿದ್ದು ಅದರಲ್ಲಿ ಇನ್ನೂರು ಅಡಿಯೂ ಇರಲಿಕ್ಕಿಲ್ಲ. ಆದರೆ ಅದು ಆಮೇಲಿನ ಮಾತು. ಆಗ ಕತ್ತಲಾಗುತ್ತಿತ್ತು, ಮನೆಯಲ್ಲಿ ಕಾಯುತ್ತಿರುತ್ತಾರೆ, ಇವತ್ತಿಗೆ ಸಾಕು ಎಂದು ನಾನು ಇಳಿಯಲು ನೋಡಿದೆ. ಪುಷ್ಪ ಹಿಂದಿನಿಂದ ನನ್ನ ಭುಜ ತಟ್ಟಿದಳು.

"ಕ್ಲಚ್ ಅಷ್ಟು ಬೇಗ ಬಿಡ್ಬಾರ್ದು," ಎಂದಳು. "ಇನ್ನೊಂದ್ಸಲ ಸ್ಟಾರ್ಟ್ ಮಾಡು."